ಚಳಿಗಾಲದ ಕರಿಬೇವಿಗೆ ಗ್ರೋ ಲೈಟ್: ಡಬ್ಬದ ಮೇಲಿನ ಸಾವಿರ ನೋಡಿ ಕೊಳ್ಳಬೇಡಿ

ಕರಿಬೇವು, ಮಲ್ಲಿಗೆ, ತುಳಸಿಯ ಕುಂಡಗಳನ್ನು ಬೇಸಿಗೆಯುದ್ದಕ್ಕೂ ಹಿತ್ತಿಲಲ್ಲೋ ಬಾಲ್ಕನಿಯಲ್ಲೋ ಇಟ್ಟು, ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಮನೆಯೊಳಗೆ ತಂದು ಕಿಟಕಿಯ ಬಳಿ ಜೋಡಿಸುವುದು ಕೆನಡಾದ ಟೊರಾಂಟೊ ಮತ್ತು ಅದರ ಸುತ್ತಲ ಊರುಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗರ ಮನೆಗಳಲ್ಲಿ ನಡೆದುಬಂದ ವಾಡಿಕೆ. ಡಿಸೆಂಬರ್ ಬರುವಷ್ಟರಲ್ಲಿ ಕರಿಬೇವಿನ ಎಲೆ ಹಳದಿಯಾಗಿ ಉದುರತೊಡಗುತ್ತದೆ, ಮಲ್ಲಿಗೆ ತೆಳ್ಳಗೆ ಉದ್ದಕ್ಕೆ ಚಾಚಿಕೊಂಡು ಮೊಗ್ಗು ಬಿಡುವುದನ್ನೇ ನಿಲ್ಲಿಸುತ್ತದೆ, ತುಳಸಿ ಬರೀ ಕಡ್ಡಿಯಾಗುತ್ತದೆ. ಆಗ ಸಾಮಾನ್ಯವಾಗಿ ಚಳಿಯನ್ನೋ ನೀರನ್ನೋ ಗೊಬ್ಬರವನ್ನೋ ದೂರುತ್ತೇವೆ. ಇಪ್ಪತ್ತು ಡಿಗ್ರಿ ಬೆಚ್ಚಗಿರುವ ಕೋಣೆಯೊಳಗೆ ಗಿಡ ಸೊರಗುತ್ತಿದೆಯೆಂದರೆ ಬಹುತೇಕ ಅದು ಬೆಳಕಿನ ಹಸಿವು, ಮತ್ತು ಆ ಹಸಿವನ್ನು ನೀಗಿಸುವ ಗ್ರೋ ಲೈಟ್, ಅಂದರೆ ಗಿಡ ಬೆಳೆಸಲೆಂದೇ ಮಾಡಿದ ವಿದ್ಯುತ್ ದೀಪ, ಈಗ ಮಧ್ಯಮ ವರ್ಗದ ಕೈಗೆಟುಕುವ ಬೆಲೆಗೆ ಸಿಗುತ್ತಿದೆ. ಆದರೆ ಗ್ರೋ ಲೈಟ್‌ಗಳ ಮಾರುಕಟ್ಟೆಯಲ್ಲಿ ಇರುವಷ್ಟು ದಾರಿತಪ್ಪಿಸುವ ಅಂಕಿಗಳು ಮನೆಬಳಕೆಯ ಬೇರೆ ವಿದ್ಯುತ್ ಉಪಕರಣಗಳಲ್ಲಿ ನನಗೆ ಕಂಡಿಲ್ಲ. ಆದ್ದರಿಂದ ಹೆಚ್ಚು ಪ್ರಖರವಾದ ದೀಪಗಳಲ್ಲಿ ಯಾವುದು ನಮ್ಮ ಗಿಡಗಳಿಗೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದನ್ನು, ಬಳಸಿ ನೋಡಿದ ಅನುಭವ ಮತ್ತು ತಯಾರಕರೇ ಪ್ರಕಟಿಸಿರುವ ಅಂಕಿಗಳು ಎರಡನ್ನೂ ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ಗಿಡದ ಲೆಕ್ಕವನ್ನು ತಿಳಿಯಬೇಕು, ಏಕೆಂದರೆ ಅದು ತಿಳಿಯದೆ ದೀಪದ ಲೆಕ್ಕ ಅರ್ಥವಾಗುವುದಿಲ್ಲ. ಗಿಡ ದ್ಯುತಿಸಂಶ್ಲೇಷಣೆಗೆ ಬಳಸುವುದು ಮುಖ್ಯವಾಗಿ 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು. ಅಂಥ ಬೆಳಕಿನ ಕಣಗಳಾದ ಫೋಟಾನ್‌ಗಳು ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ (ಮೋಲ್ ಎಂಬ ಎಣಿಕೆಯ ಅಳತೆಯ ಹತ್ತು ಲಕ್ಷದ ಒಂದು ಭಾಗ) ಬೀಳುತ್ತವೆ ಎಂಬುದನ್ನು ಪಿಪಿಎಫ್‌ಡಿ ಎನ್ನುತ್ತಾರೆ. ಇಡೀ ದಿನದಲ್ಲಿ ಒಟ್ಟು ಎಷ್ಟು ಮೋಲ್ ಬಿದ್ದವು ಎಂಬುದನ್ನು ಡಿಎಲ್‌ಐ ಎನ್ನುತ್ತಾರೆ. ಬೇಸಿಗೆಯ ಮಧ್ಯಾಹ್ನದ ಬಿಸಿಲಿನಲ್ಲಿ ಪಿಪಿಎಫ್‌ಡಿ 2000ದ ಹತ್ತಿರ ಇರುತ್ತದೆ. ಬೆಂಗಳೂರಿನ ಬಯಲಿನಲ್ಲಿ ವರ್ಷದ ಬಹುಪಾಲು ದಿನಗಳಲ್ಲಿ ಡಿಎಲ್‌ಐ 30ರಿಂದ 40 ಮೋಲ್ ಇದ್ದರೆ, ಡಿಸೆಂಬರಿನ ಟೊರಾಂಟೊದಲ್ಲಿ ಹಗಲೇ ಒಂಬತ್ತು ಗಂಟೆಗಿಂತ ಸ್ವಲ್ಪ ಕಡಿಮೆ, ಮೋಡವೇ ಹೆಚ್ಚು, ಹೊರಗಿನ ಬಯಲಿನಲ್ಲಿಯೇ 10 ಮೋಲ್ ತಲುಪುವುದು ಕಷ್ಟ. ಎರಡು ಪದರದ ಗಾಜು ದಾಟಿ, ಒಂದೇ ದಿಕ್ಕಿನಿಂದ ಒಳಬರುವಾಗ ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಕಳೆದುಹೋಗುತ್ತದೆ. ತೋಟಗಾರಿಕೆಯ ಕೈಪಿಡಿಗಳು ಲೆಟ್ಯೂಸ್ ಸೊಪ್ಪಿಗೇ ದಿನಕ್ಕೆ 12ರಿಂದ 17 ಮೋಲ್, ಟೊಮೆಟೊಗೆ 20ರಿಂದ 30 ಮೋಲ್ ಬೇಕೆನ್ನುತ್ತವೆ. ಬಿಸಿಲಿನ ನಾಡಿನ ಕರಿಬೇವು ಎರಡು ಮೂರು ಮೋಲ್‌ನಲ್ಲಿ ಎಲೆ ಹಿಡಿದು ನಿಂತಿರಬೇಕು ಎಂದು ನಿರೀಕ್ಷಿಸುವುದು ಅದಕ್ಕೆ ಮಾಡುವ ಅನ್ಯಾಯ.

ಈಗ ದೀಪದ ವಿಷಯ. ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಮೊದಲು ಕಣ್ಣಿಗೆ ಬೀಳುವುದು 1000 ಎಂಬ ಸಂಖ್ಯೆ. ಸ್ಪೈಡರ್ ಫಾರ್ಮರ್ ಎಸ್‌ಎಫ್1000, ಮಾರ್ಸ್ ಹೈಡ್ರೋ ಟಿಎಸ್ 1000, ವಿಪಾರ್‌ಸ್ಪೆಕ್ಟ್ರಾ ಪಿ1000 ಈ ಮೂರೂ ಮನೆಬಳಕೆಯ ಹೆಸರಾಂತ ಚಪ್ಪಟೆ ಎಲ್‌ಇಡಿ ಬೋರ್ಡ್‌ಗಳು. ಮೂರರ ಹೆಸರಿನಲ್ಲಿಯೂ ಸಾವಿರವಿದೆ. ಆದರೆ ಗೋಡೆಯ ಪ್ಲಗ್‌ನಿಂದ ಅವು ಎಳೆಯುವ ವಿದ್ಯುತ್ತು ಮೊದಲನೆಯದು ಮತ್ತು ಮೂರನೆಯದರಲ್ಲಿ ಸುಮಾರು 100 ವಾಟ್, ಮಾರ್ಸ್ ಹೈಡ್ರೋದಲ್ಲಿ ಸುಮಾರು 150 ವಾಟ್. ತಯಾರಕರು ತಮ್ಮ ವಿವರಣೆಯಲ್ಲಿ ನಿಜವಾದ ವಾಟನ್ನು ಬರೆದಿರುತ್ತಾರೆ, ಆದ್ದರಿಂದ ಇದನ್ನು ಮೋಸ ಎನ್ನಲಾಗದು. ಹೆಸರನ್ನಷ್ಟೇ ಓದಿ ಕೊಳ್ಳುವವರು ಮಾತ್ರ ದಾರಿ ತಪ್ಪುತ್ತಾರೆ. ಇದಕ್ಕೆ ಎದುರಾಗಿ, ಗವಿಟಾ ಪ್ರೊ 1700ಇ ಎಂಬ ದೊಡ್ಡ ವಾಣಿಜ್ಯ ದೀಪದ ಹೆಸರಿನಲ್ಲಿರುವ 1700 ಅದು ಸೆಕೆಂಡಿಗೆ ಹೊಮ್ಮಿಸುವ ಮೈಕ್ರೋಮೋಲ್‌ಗಳ ಸಂಖ್ಯೆ, ಮತ್ತು ಅದಕ್ಕಾಗಿ ಅದು ಬಳಸುವುದು 645 ವಾಟ್. ಹೆಸರಿಡುವ ಕ್ರಮ ಎಲ್ಲ ಕಡೆ ಹೀಗೇ ಇದ್ದಿದ್ದರೆ ಈ ಬರಹದ ಅರ್ಧದಷ್ಟು ಅಗತ್ಯವೇ ಇರುತ್ತಿರಲಿಲ್ಲ.

ವಾಟ್ ನಿಜವಾಗಿದ್ದರೂ ಅದು ಪೂರ್ತಿ ಉತ್ತರವಲ್ಲ. ಲಾರಿ ಎಷ್ಟು ಡೀಸೆಲ್ ಕುಡಿಯಿತು ಎಂಬುದರಿಂದ ಅದು ಎಷ್ಟು ಮೂಟೆ ಸಾಗಿಸಿತು ಎಂದು ಹೇಳಲಾಗದು. ಕೇಳಬೇಕಾದ ಪ್ರಶ್ನೆ, ಒಂದು ಜೂಲ್ ವಿದ್ಯುತ್ತಿಗೆ (ಒಂದು ವಾಟ್ ದೀಪ ಒಂದು ಸೆಕೆಂಡಿನಲ್ಲಿ ಬಳಸುವಷ್ಟು) ಎಷ್ಟು ಮೈಕ್ರೋಮೋಲ್ ಬೆಳಕು ಎಂಬುದು. ಮುಂದೆ ದಕ್ಷತೆ ಎನ್ನುವುದು ಇದನ್ನೇ. 2014ರಲ್ಲಿ ಯೂಟಾ ರಾಜ್ಯ ವಿಶ್ವವಿದ್ಯಾಲಯದ ನೆಲ್ಸನ್ ಮತ್ತು ಬಗ್ಬೀ ಅವರು ಆಗಿನ ದೀಪಗಳನ್ನು ಅಳೆದಾಗ, ಅತ್ಯುತ್ತಮ ಎಲ್‌ಇಡಿಯೂ ಅತ್ಯುತ್ತಮ ಸೋಡಿಯಂ ದೀಪವೂ ಒಂದೇ ಮಟ್ಟದಲ್ಲಿದ್ದವು: ಜೂಲಿಗೆ ಸುಮಾರು 1.7 ಮೈಕ್ರೋಮೋಲ್. ಆ ಬಳಿಕ ಸೋಡಿಯಂ ದೀಪ ಹೆಚ್ಚುಕಡಿಮೆ ಅಲ್ಲೇ ನಿಂತಿತು, ಎಲ್‌ಇಡಿ ಮುಂದೆ ಸಾಗಿತು. ಉತ್ತರ ಅಮೆರಿಕದಲ್ಲಿ ವಿದ್ಯುತ್ ಕಂಪನಿಗಳ ರಿಯಾಯಿತಿಗೆ ಅರ್ಹತೆ ನೀಡುವ ಡಿಸೈನ್‌ಲೈಟ್ಸ್ ಕನ್ಸಾರ್ಷಿಯಂ 2018ರಲ್ಲಿ ತೋಟಗಾರಿಕೆಯ ದೀಪಗಳಿಗೆ ಮೊದಲ ಬಾರಿ ಮಾನದಂಡ ತಂದಾಗ ಕನಿಷ್ಠ 1.9 ಎಂದಿತ್ತು, ನಂತರದ ಆವೃತ್ತಿಯಲ್ಲಿ ಅದನ್ನು 2.3ಕ್ಕೆ ಏರಿಸಿತು. ಇಂದು ಮನೆಗೆ ಕೊಳ್ಳುವವರು ಇದೇ 2.3ನ್ನು ಕೆಳಗಿನ ಗಡಿಯಾಗಿ ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಆ ಅಂಕಿಯನ್ನೇ ಪ್ರಕಟಿಸದ ದೀಪವನ್ನು, ಬೆಲೆ ಎಷ್ಟೇ ಕಡಿಮೆಯಿರಲಿ, ಪಟ್ಟಿಯಿಂದ ತೆಗೆದುಹಾಕಿ.

ಪ್ರಖರ ದೀಪ ಎಂದೊಡನೆ ಹಳೆಯ ತಲೆಮಾರಿನ ಬೆಳೆಗಾರರು ನೆನೆಯುವುದು ಅಧಿಕ ಒತ್ತಡದ ಸೋಡಿಯಂ ದೀಪ ಅಥವಾ ಮೆಟಲ್ ಹಾಲೈಡ್ ದೀಪವನ್ನು. ಇವುಗಳ ಸಾಮರ್ಥ್ಯದ ಬಗ್ಗೆ ನನಗೆ ಗೌರವವಿದೆ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ದಕ್ಷಿಣ ತುದಿಯಲ್ಲಿರುವ ಲೀಮಿಂಗ್ಟನ್ ಸುತ್ತ ಹಬ್ಬಿರುವ ಗಾಜಿನ ಮನೆಗಳು ಉತ್ತರ ಅಮೆರಿಕದಲ್ಲಿಯೇ ಅತಿ ದೊಡ್ಡ ಸಮೂಹಗಳಲ್ಲಿ ಒಂದು. ಅಲ್ಲಿ ಚಳಿಗಾಲದಲ್ಲಿಯೂ ಟೊಮೆಟೊ, ಸೌತೆ, ದೊಣ್ಣೆಮೆಣಸು ಬೆಳೆಯಲು ವರ್ಷಗಳ ಕಾಲ ನೆರವಾದದ್ದು ಈ ದೀಪಗಳೇ. ರಾತ್ರಿ ಅಲ್ಲಿನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಜನರ ದೂರುಗಳಿಂದಾಗಿ ಗಾಜಿನ ಮನೆಗಳಿಗೆ ಪರದೆ ಹಾಕಬೇಕೆಂಬ ಉಪನಿಯಮ ತರುವಷ್ಟು ಬೆಳಕು ಅವುಗಳಿಂದ ಹೊಮ್ಮಿತ್ತು. ಆದರೆ ಹತ್ತು ಅಡಿಗಿಂತ ಎತ್ತರದ ಗಾಜಿನ ಮನೆಗೆ ಸಲ್ಲುವ ದೀಪ ಎಂಟು ಅಡಿ ಎತ್ತರದ ಬೇಸ್‌ಮೆಂಟಿಗೆ ಸಲ್ಲಬೇಕಾಗಿಲ್ಲ. 600 ವಾಟಿನ ಸೋಡಿಯಂ ದೀಪದ ಗಾಜು ಮುಟ್ಟಿದರೆ ಕೈ ಸುಡುವಷ್ಟು ಕಾಯುತ್ತದೆ. ಗಿಡದ ತುದಿಯಿಂದ ದೂರದಲ್ಲಿ ತೂಗುಹಾಕಬೇಕಾಗುತ್ತದೆ. ವಿದ್ಯುತ್ತನ್ನು ಹತೋಟಿಯಲ್ಲಿಡುವ ಬ್ಯಾಲಸ್ಟ್ ಬೇರೆ ಬೇಕು. ಹೊತ್ತಿಸಿದ ಮೇಲೆ ಪೂರ್ಣ ಬೆಳಕಿಗೆ ಬರಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಒಮ್ಮೆ ಆರಿದರೆ ತಣ್ಣಗಾಗುವವರೆಗೆ ಮತ್ತೆ ಹೊತ್ತುವುದಿಲ್ಲ. ಬಲ್ಬಿನ ಬೆಳಕು ಕ್ರಮೇಣ ಕುಗ್ಗುವುದರಿಂದ ಆಗಾಗ್ಗೆ ಹೊಸದನ್ನು ಹಾಕುತ್ತಿರಬೇಕು. ಈ ಗುಂಪಿನಲ್ಲಿ ನನಗೆ ಮೆಚ್ಚುಗೆಯಾದದ್ದು 315 ವಾಟಿನ ಸೆರಾಮಿಕ್ ಮೆಟಲ್ ಹಾಲೈಡ್ ಮಾತ್ರ. ಅದರ ದಕ್ಷತೆ 1.9ರ ಆಸುಪಾಸು, ಬಣ್ಣ ಬಹುಪಾಲು ಹಗಲಿನ ಬೆಳಕಿನಂತೆ, ಎಲೆಯ ನಿಜವಾದ ಬಣ್ಣ ಅದರಡಿ ಚೆನ್ನಾಗಿ ಕಾಣುತ್ತದೆ. ಪ್ರತ್ಯೇಕ ಕೋಣೆ, ಒಳ್ಳೆಯ ಗಾಳಿಯಾಟ, ನಾಲ್ಕು ಅಡಿ ಚದರದ ಹಾಸು ಇದ್ದವರು ಹಳೆಯ ಸಾಮಾನು ಅಗ್ಗವಾಗಿ ದೊರೆತರೆ ಅದನ್ನು ಪರಿಗಣಿಸಬಹುದು. ಮಕ್ಕಳು ಓಡಾಡುವ ಮನೆಯ ನಡುಮನೆಗೆ ಇವುಗಳಲ್ಲಿ ಯಾವುದನ್ನೂ ನಾನು ಶಿಫಾರಸು ಮಾಡಲಾರೆ.

ನೇರಳೆ ಬಣ್ಣದ ಎಲ್‌ಇಡಿಗಳ ಬಗ್ಗೆಯೂ ಸ್ಪಷ್ಟವಾಗಿ ಹೇಳಬೇಕಾದ ಮಾತಿದೆ. ಗಿಡಕ್ಕೆ ಕೆಂಪು ಮತ್ತು ನೀಲಿ ಬೆಳಕಷ್ಟೇ ಸಾಕು, ಹಸಿರು ವ್ಯರ್ಥ ಎಂಬ ನಂಬಿಕೆಯ ಮೇಲೆ ಈ ದೀಪಗಳು ಹುಟ್ಟಿಕೊಂಡವು. ಆ ನಂಬಿಕೆ ಸರಿಯಲ್ಲವೆಂಬುದು ಬಹಳ ಹಿಂದೆಯೇ ಗೊತ್ತಾಗಿತ್ತು. ಕೀತ್ ಮೆಕ್ರೀ ಎಂಬ ವಿಜ್ಞಾನಿ ಟೆಕ್ಸಾಸ್‌ನಲ್ಲಿ 22 ಬಗೆಯ ಬೆಳೆಗಳ ಎಲೆಗಳನ್ನು ಪರೀಕ್ಷಿಸಿ, 1970ರ ದಶಕದ ಆರಂಭದಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ ಹಸಿರು ಬೆಳಕು ಕೂಡ ಗಣನೀಯವಾಗಿ ಬಳಕೆಯಾಗುತ್ತದೆ ಎಂದು ತೋರಿಸಿದ್ದರು. ಹಸಿರು ಬೆಳಕು ಮೇಲಿನ ಎಲೆಯನ್ನು ದಾಟಿ ಕೆಳಗಿನ ಎಲೆಗಳಿಗೂ ತಲುಪುವುದರಿಂದ, ಪೊದೆಯಾಗಿ ಬೆಳೆಯುವ ಗಿಡಕ್ಕೆ ಅದರಿಂದ ಲಾಭವೇ ಇದೆ. ಇನ್ನೊಂದು ಪ್ರಾಯೋಗಿಕ ಕಾರಣ ನನಗೆ ಇದಕ್ಕಿಂತ ಮುಖ್ಯ: ನೇರಳೆ ಬೆಳಕಿನಡಿ ಎಲೆ ಹಳದಿಯಾಗಿದೆಯೋ, ಅಡಿಯಲ್ಲಿ ನುಸಿ ಕೂತಿದೆಯೋ ಕಾಣುವುದೇ ಇಲ್ಲ. ಹೀಟರ್ ಹಾಕಿದ ಒಣ ಕೋಣೆಯಲ್ಲಿ ಕರಿಬೇವಿಗೆ ಜೇಡನುಸಿ ತಗಲುವುದು ಸಾಮಾನ್ಯ. ಅದನ್ನು ಮೊದಲ ವಾರದಲ್ಲಿಯೇ ಗುರುತಿಸಲು ಬಿಳಿ ಬೆಳಕು ಬೇಕು. 3000ದಿಂದ 4000 ಕೆಲ್ವಿನ್ (ಬೆಳಕಿನ ಬಣ್ಣದ ಛಾಯೆಯ ಅಳತೆ) ನಡುವಿನ ಬಿಳಿ ಎಲ್‌ಇಡಿಗಳ ಜೊತೆ 660 ನ್ಯಾನೋಮೀಟರಿನ ಒಂದಷ್ಟು ಕೆಂಪು ಸೇರಿದ್ದರೆ ನಮ್ಮ ಉಪಯೋಗಕ್ಕೆ ಬೇರೇನೂ ಬೇಡ. ಬೋರ್ಡಿನಲ್ಲಿ ನಾಲ್ಕೈದು ಅತಿನೇರಳೆ ಚಿಪ್, ನಾಲ್ಕೈದು ಅತಿಕೆಂಪು ಚಿಪ್ ಇಟ್ಟು ಅದಕ್ಕೆಂದೇ ಹೆಚ್ಚು ಬೆಲೆ ಕೇಳಿದರೆ ಕೊಡುವ ಅಗತ್ಯವಿಲ್ಲ.

ಇನ್ನು ನಮ್ಮ ಅಗತ್ಯಕ್ಕೆ ನಿಜವಾಗಿ ಹೊಂದುವ 100ರಿಂದ 150 ವಾಟಿನ ಬಿಳಿ ಬೋರ್ಡ್‌ಗಳನ್ನು ನೋಡೋಣ. ಅಲ್ಯುಮಿನಿಯಂ ತಗಡಿನ ಮೇಲೆ ಇನ್ನೂರಕ್ಕೂ ಹೆಚ್ಚು ಸಣ್ಣ ಎಲ್‌ಇಡಿಗಳನ್ನು ಹರಡಿ, ಪ್ರತಿಯೊಂದಕ್ಕೂ ಕಡಿಮೆ ಕರೆಂಟ್ ಹರಿಸುವುದು ಇವುಗಳ ಹಿಂದಿರುವ ತತ್ವ. ಕಡಿಮೆ ಕರೆಂಟಿನಲ್ಲಿ ಎಲ್‌ಇಡಿಯ ದಕ್ಷತೆ ಹೆಚ್ಚು, ಬಿಸಿ ಕಡಿಮೆ. ಆದ್ದರಿಂದ ಫ್ಯಾನ್ ಬೇಡ, ಸದ್ದೂ ಇಲ್ಲ. ನಾನು ದೀರ್ಘಕಾಲದಿಂದ ಬಳಸುತ್ತಿರುವುದು ಎಸ್‌ಎಫ್1000ದ ಹಳೆಯ ಆವೃತ್ತಿಯನ್ನು. ಸ್ಯಾಮ್‌ಸಂಗ್‌ನ ಎಲ್‌ಎಂ301ಬಿ ಎಲ್‌ಇಡಿ, ಮೀನ್ ವೆಲ್ ಕಂಪನಿಯ ಡ್ರೈವರ್ (ಗೋಡೆಯ ವಿದ್ಯುತ್ತನ್ನು ದೀಪಕ್ಕೆ ಹೊಂದುವಂತೆ ಮಾರ್ಪಡಿಸುವ ಭಾಗ), ಜೂಲಿಗೆ 2.7 ಮೈಕ್ರೋಮೋಲ್ ಎಂಬುದು ತಯಾರಕರ ಹೇಳಿಕೆ. ಈ ವರ್ಗದ ದೀಪಗಳಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ಎಲ್‌ಇಡಿಯಲ್ಲ, ಡ್ರೈವರ್. ಹಾಗಾಗಿ ಡ್ರೈವರ್ ಯಾರದೆಂದು ಕೇಳುವುದು, ಅದು ಕಳಚಿ ಬದಲಾಯಿಸಬಹುದಾದ ರೀತಿಯಲ್ಲಿ ಇದೆಯೇ ಎಂದು ನೋಡುವುದು ಎಲ್‌ಇಡಿಯ ಬ್ರ್ಯಾಂಡ್ ಕೇಳುವುದಕ್ಕಿಂತ ಮುಖ್ಯ. ಈ ಬೋರ್ಡಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಸೌಲಭ್ಯ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಡಿಮ್ಮರ್. ಹೊರಗಿನಿಂದ ಬಂದ ಗಿಡ, ಕಿಟಕಿಯ ಬಳಿ ಸೊರಗಿದ ಗಿಡ, ಹೊಸದಾಗಿ ಕುಂಡ ಬದಲಿಸಿದ ಗಿಡ ಇವುಗಳಿಗೆ ಮೊದಲ ದಿನವೇ ಪೂರ್ಣ ಬೆಳಕು ಕೊಟ್ಟರೆ ಎಲೆ ಬಿಳಿಚಿಕೊಳ್ಳುತ್ತದೆ. ಅರ್ಧದಿಂದ ಆರಂಭಿಸಿ ಎರಡು ವಾರಗಳಲ್ಲಿ ಮೇಲಕ್ಕೇರಿಸುವ ಅನುಕೂಲವಿಲ್ಲದ ದೀಪವನ್ನು ಎತ್ತರ ಬದಲಿಸುತ್ತ ನಿಭಾಯಿಸಬೇಕಾಗುತ್ತದೆ, ಅದು ತಾಪತ್ರಯದ ಕೆಲಸ.

ಮಾರ್ಸ್ ಹೈಡ್ರೋದ ಟಿಎಸ್ 1000 ಬೋರ್ಡಿನ ಸುತ್ತ ಬೆಳಕನ್ನು ಕೆಳಕ್ಕೆ ತಿರುಗಿಸುವ ಅಂಚು ಇದೆ. ಸುತ್ತ ಗೋಡೆಯಿಲ್ಲದೆ ತೆರೆದ ಕೋಣೆಯಲ್ಲಿ ತೂಗುಹಾಕುವವರಿಗೆ ಇದರಿಂದ ಅನುಕೂಲವಿದೆ, ಪಕ್ಕದಲ್ಲಿ ಕೂತವರ ಕಣ್ಣಿಗೂ ಕುಕ್ಕುವುದು ಸ್ವಲ್ಪ ಕಡಿಮೆ. ಅದರ ದಕ್ಷತೆಯ ಅಂಕಿ ಎಸ್‌ಎಫ್1000ದ ಹಳೆಯ ಆವೃತ್ತಿಗಿಂತ ಕೆಳಗಿದೆ, ಆದರೆ ವಾಟ್ ಹೆಚ್ಚಿರುವುದರಿಂದ ಒಟ್ಟು ಬೆಳಕು ಕಡಿಮೆಯೇನಲ್ಲ. ಒಂದು ಎಚ್ಚರಿಕೆ ಎಲ್ಲ ಕಂಪನಿಗಳಿಗೂ ಅನ್ವಯಿಸುತ್ತದೆ: ಹೆಸರು ಅದೇ ಇದ್ದರೂ ಒಳಗಿನ ಎಲ್‌ಇಡಿ ಮತ್ತು ಡ್ರೈವರ್‌ಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಆದ್ದರಿಂದ ಮೂರು ವರ್ಷ ಹಳೆಯ ವಿಡಿಯೊ ವಿಮರ್ಶೆಯನ್ನು ನಂಬದೆ ಇಂದಿನ ಡಬ್ಬದ ಮೇಲಿನ ವಿವರವನ್ನೇ ಓದಬೇಕು. ಚೌಕಾಕಾರದ ಬೋರ್ಡ್‌ಗಳೆಲ್ಲಕ್ಕೂ ಇರುವ ಕೊರತೆಯೆಂದರೆ ನಡುವೆ ಬೆಳಕು ದಟ್ಟ, ಮೂಲೆಗಳಲ್ಲಿ ತೆಳು. ಉದ್ದದ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ ದೀಪಗಳಲ್ಲಿ ಈ ವ್ಯತ್ಯಾಸ ಬಹಳ ಕಡಿಮೆ, ಗಿಡಕ್ಕೆ ಹತ್ತಿರವೂ ತರಬಹುದು. ಬೆಲೆ ಮಾತ್ರ ಹೆಚ್ಚು, ಮತ್ತು ನಾಲ್ಕಾರು ಕುಂಡಗಳ ಮನೆಗೆ ಅಷ್ಟು ಸಮನಾದ ಬೆಳಕು ಅನಿವಾರ್ಯವಲ್ಲ. ಹೆಚ್ಚು ಬೆಳಕು ಬೇಡುವ ಮಲ್ಲಿಗೆಯನ್ನು ನಡುವೆಯೂ ಕಡಿಮೆ ಸಾಕೆನ್ನುವ ದೊಡ್ಡಪತ್ರೆಯನ್ನು ಅಂಚಿನಲ್ಲಿಯೂ ಇಟ್ಟರೆ ಕೊರತೆಯೇ ಅನುಕೂಲವಾಗುತ್ತದೆ.

ಈ ದೀಪಗಳು ಎಷ್ಟು ಜಾಗಕ್ಕೆ ಸಾಕು ಎಂದು ಡಬ್ಬದ ಮೇಲೆ ಎರಡು ಅಳತೆ ಬರೆದಿರುತ್ತಾರೆ: ಹೂ ಬಿಡುವ ಹಂತಕ್ಕೆ ಎರಡು ಅಡಿ ಚದರ, ಎಲೆ ಬೆಳೆಯುವ ಹಂತಕ್ಕೆ ಮೂರು ಅಡಿ ಚದರ ಎಂಬಂತೆ. ಇಲ್ಲಿ ಹೆಸರು ಹೇಳದ ಆ ಗಿಡ ಗಾಂಜಾ ಎಂಬುದನ್ನು ನಮ್ಮವರಲ್ಲಿ ಅನೇಕರು ಗಮನಿಸಿರುವುದಿಲ್ಲ. ಕೆನಡಾದಲ್ಲಿ 2018ರ ಅಕ್ಟೋಬರಿನಿಂದ ಮನೆಗೆ ನಾಲ್ಕು ಗಾಂಜಾ ಗಿಡ ಬೆಳೆಯಲು ಕೇಂದ್ರ ಕಾನೂನಿನಲ್ಲಿ ಅವಕಾಶವಿದ್ದು, ಮನೆಬಳಕೆಯ ಗ್ರೋ ಲೈಟ್ ಮಾರುಕಟ್ಟೆ ಬಹುಮಟ್ಟಿಗೆ ಅದನ್ನೇ ಕಣ್ಣಮುಂದಿಟ್ಟುಕೊಂಡು ಬೆಳೆದಿದೆ. ಆ ಗಿಡ ಹೂ ಬಿಡುವಾಗ ಕೇಳುವಷ್ಟು ತೀವ್ರ ಬೆಳಕು ಕರಿಬೇವಿಗೆ ಬೇಕಿಲ್ಲ. ಲೆಕ್ಕ ಹಾಕಿ ನೋಡಿದರೆ, 100 ವಾಟ್ ಮತ್ತು 2.7 ದಕ್ಷತೆಯ ಬೋರ್ಡ್ ಸೆಕೆಂಡಿಗೆ 270 ಮೈಕ್ರೋಮೋಲ್ ಹೊಮ್ಮಿಸುತ್ತದೆ. ಅದರಲ್ಲಿ ಮೂರನೇ ಎರಡು ಭಾಗ ಗಿಡಗಳ ಮೇಲೆ ಬೀಳುತ್ತದೆ ಎಂದುಕೊಂಡರೆ, 60 ಸೆಂಟಿಮೀಟರ್ ಚದರದ ಜಾಗದಲ್ಲಿ ಪಿಪಿಎಫ್‌ಡಿ 500 ಆಗುತ್ತದೆ, 90 ಸೆಂಟಿಮೀಟರ್ ಚದರಕ್ಕೆ ಹರಡಿದರೆ 220ರ ಹತ್ತಿರ. ದಿನಕ್ಕೆ 14 ಗಂಟೆ ಉರಿಸಿದರೆ ಮೊದಲನೆಯದಕ್ಕೆ 25 ಮೋಲ್, ಎರಡನೆಯದಕ್ಕೆ 11 ಮೋಲ್. ಇದಕ್ಕೆ ಕಿಟಕಿಯ ಬೆಳಕಿನ ಎರಡು ಮೋಲ್ ಸೇರಿದರೆ ಮೂರಡಿ ಚದರದಲ್ಲಿ ಇಟ್ಟ ಕರಿಬೇವು, ತುಳಸಿ, ದೊಡ್ಡಪತ್ರೆ ಚಳಿಗಾಲವಿಡೀ ಎಲೆ ಹಿಡಿದು ನಿಲ್ಲುತ್ತವೆ, ಕರಿಬೇವಂತೂ ಹೊಸ ಚಿಗುರು ಕೊಡುತ್ತದೆ. ಒಗ್ಗರಣೆಗೆ ವಾರಕ್ಕೊಮ್ಮೆ ನಾಲ್ಕು ಎಸಳು ಕೀಳಲು ಅಷ್ಟು ಸಾಕು.

ಮಲ್ಲಿಗೆಯ ಕಥೆ ಬೇರೆ. ಇಲ್ಲಿನ ನರ್ಸರಿಗಳಲ್ಲಿ ಸಿಗುವ ಅರೇಬಿಯನ್ ಜಾಸ್ಮಿನ್ ನಮ್ಮ ದುಂಡುಮಲ್ಲಿಗೆಯ ಜಾತಿಯದೇ ಗಿಡ. ಎಲೆ ಉಳಿಸಿಕೊಳ್ಳುವುದಷ್ಟೇ ಗುರಿಯಾದರೆ 12 ಮೋಲ್ ಸಾಕು, ಆದರೆ ಮೊಗ್ಗು ಬೇಕೆಂದರೆ ನನ್ನ ಅನುಭವದಲ್ಲಿ 20ಕ್ಕೆ ಹತ್ತಿರ ಕೊಡಬೇಕು, ಅಂದರೆ 14 ಗಂಟೆಗೆ ಸರಾಸರಿ 400 ಪಿಪಿಎಫ್‌ಡಿ. ಇದಕ್ಕಾಗಿ ಗಿಡವನ್ನು ಬೋರ್ಡಿನ ನಟ್ಟನಡುವೆ, ತುದಿಯಿಂದ ಒಂದೂವರೆ ಅಡಿ ಅಂತರದಲ್ಲಿ ಇಡುತ್ತೇನೆ, ಹೂ ಬಿಟ್ಟ ರೆಂಬೆಯನ್ನು ಪ್ರತಿ ಸಲವೂ ಸವರುತ್ತೇನೆ. ವೀಳ್ಯದೆಲೆಯ ಬಳ್ಳಿಗೆ ಇದರ ತದ್ವಿರುದ್ಧ ಉಪಚಾರ ಬೇಕು. ಊರಿನಲ್ಲಿ ಅಡಿಕೆ ಮರದ ನೆರಳಿನಲ್ಲಿ ಹಬ್ಬುವ ಬಳ್ಳಿ ಅದು. ಪ್ರಖರ ಬೋರ್ಡಿನಡಿ ಎಲೆ ಸಣ್ಣದಾಗಿ, ಹಳದಿ ತಿರುಗಿ, ಒರಟಾಗುತ್ತದೆ. ಅದಕ್ಕೆ ಬೋರ್ಡಿನ ಅಂಚಿನಿಂದಲೂ ಆಚೆಗಿನ ಜಾಗವೇ ಸರಿ, ಬೆಳಕಿಗಿಂತ ಗಾಳಿಯ ತೇವದ ಕಡೆಗೆ ಹೆಚ್ಚು ಗಮನ ಕೊಡಬೇಕು.

ಮಾಮೂಲಿ ಹೋಲ್ಡರಿಗೆ ತಿರುಗಿಸಿ ಹಾಕುವ ಗ್ರೋ ಬಲ್ಬ್‌ಗಳನ್ನು ನಾನು ತಳ್ಳಿಹಾಕುವುದಿಲ್ಲ. ಒಂದೇ ಒಂದು ತುಳಸಿ ಕುಂಡ ಇರುವವರಿಗೆ ದಿಟವಾಗಿ 20 ವಾಟಿನಷ್ಟು ಎಳೆಯುವ ಒಂದು ಬಲ್ಬು, ಮೇಲೆ ಬೆಳಕನ್ನು ಕೆಳಕ್ಕೆ ತಿರುಗಿಸುವ ಬಟ್ಟಲು ಇದ್ದರೆ ಸಾಕಾಗುತ್ತದೆ. ಆದರೆ ಬಲ್ಬಿನ ಬೆಳಕು ಒಂದೇ ಬಿಂದುವಿನಿಂದ ಹೊರಡುವುದರಿಂದ ಅಂತರ ಎರಡರಷ್ಟಾದಾಗ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ಮರೆಯಬಾರದು. ಗಿಡದ ತುದಿಗೆ ಸಾಕಾದ ಬೆಳಕು ಬುಡದ ಎಲೆಗೆ ತಲುಪಿರುವುದಿಲ್ಲ. ಬಳುಕುವ ಕತ್ತಿನ, ಮೇಜಿಗೆ ಕಚ್ಚಿಸುವ ನಾಲ್ಕು ತಲೆಯ ದೀಪಗಳನ್ನು ಮಾತ್ರ ಕೊಳ್ಳಬೇಡಿ ಎಂದೇ ಹೇಳುತ್ತೇನೆ. 80 ವಾಟ್ ಎಂದು ಬರೆದಿದ್ದ ಅಂಥದೊಂದನ್ನು ಪ್ಲಗ್‌ಗೆ ಹಾಕುವ ವಾಟ್ ಮೀಟರಿನಲ್ಲಿ ಅಳೆದಾಗ ಬರೆದದ್ದರ ಕಾಲು ಭಾಗವೂ ಬರಲಿಲ್ಲ. ಮಾರಾಟಗಾರನ ಹೆಸರು ಇಲ್ಲಿ ಬೇಡ. ಆ ಮೀಟರ್ ಬೆಲೆ ಹೆಚ್ಚೇನಲ್ಲ, ಯಾವ ದೀಪ ಕೊಂಡರೂ ಹಿಂತಿರುಗಿಸುವ ಅವಧಿ ಮುಗಿಯುವ ಮೊದಲು ಅದರಿಂದ ಪರೀಕ್ಷಿಸಿ.

ಪಿಪಿಎಫ್‌ಡಿ ಅಳೆಯುವ ನಿಜವಾದ ಮೀಟರುಗಳು ನೂರಾರು ಡಾಲರ್ ಬೆಲೆಯವು, ನಾಲ್ಕು ಕುಂಡಕ್ಕಾಗಿ ಕೊಳ್ಳುವಂಥದ್ದಲ್ಲ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುವ ಫೋನಿನ ಆ್ಯಪ್‌ನಿಂದಲೇ ಕೆಲಸ ನಡೆಸಬಹುದು. ಬಿಳಿ ಎಲ್‌ಇಡಿಯಡಿ ಬಂದ ಲಕ್ಸ್ ಅಂಕಿಯನ್ನು ಸುಮಾರು 65ರಿಂದ 70ರ ನಡುವಿನ ಸಂಖ್ಯೆಯಿಂದ ಭಾಗಿಸಿದರೆ ಪಿಪಿಎಫ್‌ಡಿಯ ಅಂದಾಜು ಸಿಗುತ್ತದೆ. ಬಿಸಿಲಿಗಾದರೆ 54ರಿಂದ ಭಾಗಿಸಬೇಕು. ಹಾಗೆ ನೋಡಿದರೆ ಕರಿಬೇವಿನ ಎಲೆಯ ಮಟ್ಟದಲ್ಲಿ 16,000 ಲಕ್ಸ್, ಮಲ್ಲಿಗೆಗೆ 27,000 ಲಕ್ಸ್ ಕಂಡರೆ ದೀಪ ಸರಿಯಾದ ಎತ್ತರದಲ್ಲಿದೆ ಎಂದರ್ಥ. ನೇರಳೆ ದೀಪಕ್ಕೆ ಈ ಭಾಗಾಕಾರ ನಡೆಯುವುದಿಲ್ಲ, ಏಕೆಂದರೆ ಲಕ್ಸ್ ಎಂಬುದು ಮನುಷ್ಯನ ಕಣ್ಣಿನ ಅಳತೆ. ತಯಾರಕರು ಕೊಡುವ ಪಿಪಿಎಫ್‌ಡಿ ನಕ್ಷೆಗಳನ್ನು ಓದುವಾಗಲೂ ಒಂದು ಅಂಶ ನೆನಪಿರಲಿ: ಅವುಗಳಲ್ಲಿ ಬಹಳಷ್ಟನ್ನು ಸುತ್ತಲೂ ಹೊಳೆಯುವ ಗೋಡೆಯಿರುವ ಗುಡಾರದೊಳಗೆ ಅಳೆದಿರುತ್ತಾರೆ. ನಿಮ್ಮ ತೆರೆದ ಕೋಣೆಯಲ್ಲಿ ಅಂಚಿನ ಅಂಕಿಗಳು ಅದಕ್ಕಿಂತ ಸಾಕಷ್ಟು ಕಡಿಮೆ ಬರುತ್ತವೆ. ಹಿಂದೆ ಮತ್ತು ಎರಡು ಪಕ್ಕದಲ್ಲಿ ಬಿಳಿ ಬಣ್ಣದ ಹಲಗೆ ನಿಲ್ಲಿಸಿದರೆ ಬೆಳಕು ಗಿಡದ ಕಡೆಗೇ ಮರಳುತ್ತದೆ, ಮನೆಯವರ ಕಣ್ಣಿಗೂ ಆರಾಮ.

ಖರ್ಚಿನ ವಿಚಾರಕ್ಕೆ ಬಂದರೆ, 100 ವಾಟಿನ ದೀಪ ದಿನಕ್ಕೆ 14 ಗಂಟೆ ಉರಿದರೆ ತಿಂಗಳಿಗೆ 42 ಯೂನಿಟ್. ಒಂಟಾರಿಯೊದಲ್ಲಿ 2023ರಿಂದ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಅತಿ ಅಗ್ಗದ ದರವಿರುವ ಯೋಜನೆಯೊಂದು ಲಭ್ಯವಿದೆ. ಅದನ್ನು ಆರಿಸಿಕೊಂಡವರು ದೀಪವನ್ನು ರಾತ್ರಿ 11ಕ್ಕೆ ಹೊತ್ತಿಸಿ ಮಧ್ಯಾಹ್ನ 1ಕ್ಕೆ ಆರಿಸಬಹುದು. ಗಿಡಕ್ಕೆ ನಿರಂತರವಾದ ಕತ್ತಲೆ ಪ್ರತಿದಿನ ಸಿಗುವುದು ಮುಖ್ಯವೇ ಹೊರತು ಅದು ಯಾವ ಹೊತ್ತಿನ ಕತ್ತಲೆ ಎಂಬುದಲ್ಲ. ಅದೇ ಯೋಜನೆಯಲ್ಲಿ ವಾರದ ದಿನಗಳ ಸಂಜೆ 4ರಿಂದ 9ರವರೆಗಿನ ದರ ಬಹಳ ದುಬಾರಿಯಾದ್ದರಿಂದ, ಅಡುಗೆ ಮತ್ತು ಬಟ್ಟೆ ಒಗೆಯುವ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ನಿರ್ಧರಿಸಬೇಕು. ದೀಪ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಕೋಣೆಯ ಬಿಸಿಯಾಗಿಯೇ ಉಳಿಯುವುದರಿಂದ ಚಳಿಗಾಲದಲ್ಲಿ ಅದು ಪೂರ್ತಿ ವ್ಯರ್ಥವೂ ಅಲ್ಲ. ಎಲ್‌ಇಡಿಯ ಆಯುಷ್ಯ 50,000 ಗಂಟೆ ಎಂದು ಬರೆದಿದ್ದರೆ, ದಿನಕ್ಕೆ 14 ಗಂಟೆಯಂತೆ ವರ್ಷವಿಡೀ ಉರಿಸಿದರೂ ಹತ್ತು ವರ್ಷದ ಹತ್ತಿರ. ಆರು ತಿಂಗಳಷ್ಟೇ ಉರಿಸುವ ನಮಗೆ ಡ್ರೈವರ್ ಬಾಳಿಕೆಯೇ ಮಿತಿ.

ಸುರಕ್ಷತೆಯಲ್ಲಿ ರಾಜಿ ಬೇಡ. ಒಂಟಾರಿಯೊದಲ್ಲಿ ಮಾರುವ ವಿದ್ಯುತ್ ಉಪಕರಣದ ಮೇಲೆ ಸಿಎಸ್‌ಎ, ಸಿಯುಎಲ್, ಸಿಇಟಿಎಲ್ ಮುಂತಾದ ಮಾನ್ಯ ಸುರಕ್ಷತಾ ಮುದ್ರೆಗಳಲ್ಲಿ ಒಂದು ಇರಲೇಬೇಕು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ದೀಪಗಳ ಮೇಲೆ ಹೆಚ್ಚಾಗಿ ಕಾಣುವ ಸಿಇ ಗುರುತಿಗೆ ಇಲ್ಲಿ ಮಾನ್ಯತೆಯಿಲ್ಲ. ನೀರು ಹಾಕುವ ಜಾಗದಲ್ಲಿ, ಮನೆಯವರು ಮಲಗಿರುವಾಗ, ಗಂಟೆಗಟ್ಟಲೆ ಉರಿಯುವ ಸಾಧನ ಇದು. ಮೂರು ಪಿನ್ನಿನ ಟೈಮರ್ ಬಳಸಿ, ನೀರು ತಂತಿಯುದ್ದಕ್ಕೂ ಹರಿದು ಪ್ಲಗ್ ಸೇರದಂತೆ ತಂತಿಯನ್ನು ಪ್ಲಗ್‌ಗಿಂತ ಕೆಳಕ್ಕೆ ಇಳಿಬಿಟ್ಟು ಮೇಲೆ ತನ್ನಿ.

ಊರಿನಲ್ಲಿರುವ ಬಂಧುಗಳು ಕೇಳುವ ಒಂದು ಪ್ರಶ್ನೆಗೂ ಉತ್ತರಿಸಬೇಕು. ಕೋಲಾರ, ಚಿಕ್ಕಬಳ್ಳಾಪುರದ ಸೇವಂತಿಗೆ ಹೊಲಗಳಲ್ಲಿ ರೈತರು ರಾತ್ರಿ ಸಾಮಾನ್ಯ ಬಲ್ಬ್‌ಗಳ ಸಾಲು ಹೊತ್ತಿಸುವುದನ್ನು ಕಂಡವರು, ಅಷ್ಟು ಕಡಿಮೆ ಬೆಳಕು ಅಲ್ಲಿ ಸಾಕಾದರೆ ನಿಮಗೇಕೆ ಇಷ್ಟು ದುಬಾರಿ ದೀಪ ಎನ್ನುತ್ತಾರೆ. ಅಲ್ಲಿ ಬಲ್ಬು ಗಿಡಕ್ಕೆ ಆಹಾರ ಕೊಡುತ್ತಿಲ್ಲ. ಸೇವಂತಿಗೆ ರಾತ್ರಿ ದೀರ್ಘವಾದಾಗ ಹೂ ಬಿಡುವ ಗಿಡ. ಇರುಳಿನ ನಡುವೆ ಮಂದ ಬೆಳಕು ಬಿದ್ದರೆ ರಾತ್ರಿ ಚಿಕ್ಕದಾಗಿದೆ ಎಂದು ತಿಳಿದು ಮೊಗ್ಗು ಕಟ್ಟುವುದನ್ನು ಮುಂದೂಡುತ್ತದೆ, ರೈತರಿಗೆ ಬೇಕಾದ ಸಮಯಕ್ಕೆ ಹೂ ಸಿಗುತ್ತದೆ. ಆಹಾರವನ್ನು ಅದು ಹಗಲಿನ ಬಿಸಿಲಿನಿಂದ ಧಾರಾಳವಾಗಿ ಪಡೆಯುತ್ತದೆ. ನಮ್ಮ ಬೇಸ್‌ಮೆಂಟಿನಲ್ಲಿ ಆ ಬಿಸಿಲನ್ನೇ ದೀಪದಿಂದ ತರಬೇಕಾಗಿದೆ. ಕರ್ನಾಟಕದ ಮನೆಗಳಲ್ಲಿ ತಾರಸಿಯೋ ಬಿಸಿಲು ಬೀಳುವ ಬಾಲ್ಕನಿಯೋ ಇರುವವರಿಗೆ ಈ ದೀಪಗಳ ಅಗತ್ಯವೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಮೈಕ್ರೋಗ್ರೀನ್ಸ್ (ತಿನ್ನುವ ಎಳೆಯ ಸಸಿಗಳು) ಬೆಳೆಯುವವರು, ಈಚೆಗೆ ಕೇಸರಿ ಬೆಳೆಯಲು ಹೊರಟವರು ಮಾತ್ರ ಈ ಲೆಕ್ಕಗಳನ್ನು ನೋಡಬೇಕು; ಕೇಸರಿಯಲ್ಲಿಯೂ ಗೆಡ್ಡೆ ತನ್ನೊಳಗಿನ ಸಂಗ್ರಹದಿಂದಲೇ ಹೂ ಬಿಡುತ್ತದೆ, ಪ್ರಖರ ಬೆಳಕು ಬೇಕಾಗುವುದು ಹೂವಿನ ನಂತರ ಎಲೆ ಬೆಳೆದು ಮರಿಗೆಡ್ಡೆ ಕಟ್ಟುವ ತಿಂಗಳುಗಳಲ್ಲಿ. ಇಲ್ಲಿಂದ ಅಲ್ಲಿಗೆ ದೀಪ ಒಯ್ಯುವವರು ಡ್ರೈವರಿನ ಮೇಲೆ 100ರಿಂದ 277 ವೋಲ್ಟ್ ಎಂಬಂತೆ ವಿಶಾಲ ಮಿತಿ ಬರೆದಿದೆಯೇ ಎಂದು ನೋಡಿಕೊಳ್ಳಬೇಕು. 120 ಎಂದಷ್ಟೇ ಇದ್ದರೆ 230 ವೋಲ್ಟಿಗೆ ಹಾಕಲೇಬಾರದು.

ಈ ಚಳಿಗಾಲಕ್ಕೆ ಮೊದಲ ಬಾರಿ ಕೊಳ್ಳುವವರಿಗೆ ನನ್ನ ಆಯ್ಕೆ 100 ವಾಟಿನ, 2.5ಕ್ಕಿಂತ ಹೆಚ್ಚು ದಕ್ಷತೆಯ, ಡಿಮ್ಮರ್ ಇರುವ ಬಿಳಿ ಬೋರ್ಡ್. ಎರಡಕ್ಕಿಂತ ಹೆಚ್ಚು ಮಲ್ಲಿಗೆ ಗಿಡಗಳಿದ್ದರೆ ಒಂದೇ ದೊಡ್ಡ ದೀಪದ ಬದಲು ಅಂಥವೇ ಎರಡು. ಎರಡು ದೀಪದ ನಡುವೆ ಬೆಳಕು ಹೆಚ್ಚು ಸಮನಾಗಿ ಹಂಚಿಹೋಗುತ್ತದೆ, ಒಂದು ಕೆಟ್ಟರೂ ಜನವರಿಯ ನಡುವೆ ಗಿಡಗಳು ಕತ್ತಲಲ್ಲಿ ಉಳಿಯುವುದಿಲ್ಲ. ಬೆಲೆಯನ್ನು ವಾಟಿನಿಂದಲ್ಲ, ಸೆಕೆಂಡಿಗೆ ಹೊಮ್ಮುವ ಮೈಕ್ರೋಮೋಲ್‌ನಿಂದ ಭಾಗಿಸಿ ಹೋಲಿಸಿ, ಕೆನಡಾದಲ್ಲಿಯೇ ಗೋದಾಮು ಇರುವ ಮಾರಾಟಗಾರರನ್ನು ಆರಿಸಿಕೊಳ್ಳಿ, ಏಕೆಂದರೆ ಡ್ರೈವರ್ ಕೆಟ್ಟಾಗ ಬೋರ್ಡನ್ನು ಸಾಗರದಾಚೆಗೆ ಕಳುಹಿಸುವ ಅಂಚೆ ವೆಚ್ಚವೇ ಅದರ ಅರ್ಧ ಬೆಲೆ ನುಂಗಬಹುದು. ಗಿಡ ಒಳಗೆ ಬರುವ ಮೊದಲೇ ದೀಪ ತೂಗುಹಾಕಿ ಅಳತೆ ಮುಗಿಸಿಟ್ಟುಕೊಂಡರೆ, ರಾತ್ರಿಯ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುವ ವಾರದಲ್ಲಿ ಕರಿಬೇವನ್ನು ಎಲೆ ಉದುರಿಸಲು ಬಿಡದೆ ನೇರವಾಗಿ ಅದರಡಿಗೆ ಸಾಗಿಸಬಹುದು.